ಪ್ರವಾಸಿಗಳ ಊರಿನಲ್ಲಿ ರೈತನ ಬೇಸಿಗೆ



ಬೇಸಿಗೆ ರಜೆ ಬಂತೆಂದರೆ ಹಿಂದೂಪುರದಿಂದ ಲೇಪಾಕ್ಷಿಗೆ ಹೋಗುವ ಹದಿನೈದು ಕಿಲೋಮೀಟರ್ ರಸ್ತೆಯಲ್ಲಿ ಕಾರುಗಳ ಸಾಲು. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟವರು ಹತ್ತು ಗಂಟೆಯೊಳಗೆ ಬಂದಿಳಿಯುತ್ತಾರೆ. ದೊಡ್ಡ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ತೂಗುಕಂಬದ ಅಡಿಯಲ್ಲಿ ಟವೆಲ್ ತೂರಿಸಿ ನೋಡುತ್ತಾರೆ, ನೆರಳಿನಲ್ಲಿ ಕುಳಿತು ಊಟ ಮಾಡುತ್ತಾರೆ. ಸಂಜೆಗೆ ಊರು ಖಾಲಿ. ವರ್ಷವಿಡೀ ಇಲ್ಲೇ ಇರುವ ನಮ್ಮಂಥವರ ಬೇಸಿಗೆ ಹೇಗೆ ಕಳೆಯುತ್ತದೆಂದು ಕೇಳುವವರು ಕಡಿಮೆ. ಈ ಸಲ ಅದನ್ನೇ ಬರೆಯೋಣ ಎನಿಸಿತು. ಕಾರಣವೂ ಇದೆ. ಕಳೆದ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಯ ಕರೆಯುವ ಹಸು ಸತ್ತುಹೋಯಿತು.

ಮಲ್ಪೆಯ ಹತ್ತಿರದ ಸೇಂಟ್ ಮೇರಿಸ್ ದ್ವೀಪವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಯಾರೂ ವಾಸವಿಲ್ಲ. ಸಂಜೆ ದೋಣಿ ಎಲ್ಲರನ್ನೂ ದಡಕ್ಕೆ ತಂದುಬಿಡುತ್ತದೆ. ಲೇಪಾಕ್ಷಿ ಹಾಗಲ್ಲ. ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯದ ಸುತ್ತ ಹೊಲಗಳಿವೆ, ಹಿಪ್ಪುನೇರಳೆ ತೋಟಗಳಿವೆ, ಹುಣಸೆ ಮರಗಳಿವೆ. ಪ್ರಾಕಾರದ ಗೋಡೆಯ ಮೇಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ. ಗ್ರಾಮ, ಭೂಮಿ ದಾನ ಕೊಟ್ಟ ಲೆಕ್ಕವೆಲ್ಲ ಅಲ್ಲಿದೆ. ಬಂದವರು ಚಾವಣಿಯ ಚಿತ್ರ ನೋಡಲು ಕತ್ತೆತ್ತುತ್ತಾರೆಯೇ ಹೊರತು, ಈ ಹೊಲಗದ್ದೆಗಳ ಹಳೆಯ ದಾಖಲೆ ಗೋಡೆಯ ಮೇಲಿದೆಯೆಂದು ತಿರುಗಿ ನೋಡುವವರು ಅಪರೂಪ. ಅವರನ್ನು ದೂರಿ ಫಲವಿಲ್ಲ, ನಮ್ಮ ಮಕ್ಕಳೂ ನೋಡುವುದಿಲ್ಲ.

ಬೇಸಿಗೆಯಲ್ಲಿ ನಮ್ಮ ದಿನ ಎರಡು ತುಂಡು. ನಾಲ್ಕೂವರೆಗೆ ಎದ್ದು ಹಾಲು ಕರೆದು, ಬೆಳಿಗ್ಗೆ ಒಂಬತ್ತರೊಳಗೆ ಹೊಲದ ಕೆಲಸ ಮುಗಿಸಬೇಕು. ಮತ್ತೆ ಹೊರಗೆ ಕಾಲಿಡುವುದು ಸಂಜೆ ನಾಲ್ಕರ ನಂತರವೇ. ನಡುವಿನ ಹೊತ್ತು ಹುಣಸೆಹಣ್ಣಿನದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮರದಿಂದ ಉದುರಿಸಿದ ಹಣ್ಣು ಮನೆಮನೆಯ ಜಗಲಿಗೆ ಬರುತ್ತದೆ. ಹೆಂಗಸರು ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಿ ಹಿಂದೂಪುರದ ಮಾರುಕಟ್ಟೆಗೆ ಸಿದ್ಧ ಮಾಡುತ್ತಾರೆ. ಅಲ್ಲಿ 'ಕರಿಪುಳಿ' ಎಂದೂ 'ಫ್ಲವರ್' ಎಂದೂ ಎರಡು ಹೆಸರಿನಲ್ಲಿ ಬೇರೆಬೇರೆ ಬೆಲೆಗೆ ವ್ಯಾಪಾರ. ಕೂಲಿ ಕಿಲೋ ಲೆಕ್ಕದ್ದು. ಆದ್ದರಿಂದ ನೀರು ಕುಡಿಯಲು ಏಳುವುದೂ ನಷ್ಟವೆಂಬ ಭಾವನೆ. ಹುಳಿ ತಾಗಿ ಬೆರಳ ತುದಿ ಸವೆಯುತ್ತದೆ, ಧೂಳು ಮೂಗಿಗೆ ಏರುತ್ತದೆ. ತಾಯಂದಿರು ಮೂಗಿಗೆ ಸೆರಗು ಕಟ್ಟಿಕೊಂಡು, ಕೆಲಸ ಮುಗಿದ ಮೇಲೆ ಕೈ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕು. ನೀರಿನ ಚೊಂಬನ್ನು ಪಕ್ಕದಲ್ಲೇ ಇಟ್ಟುಕೊಂಡರೆ ಏಳಬೇಕಾದ ನೆಪವೂ ಇರುವುದಿಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ಕೂಗು: "ಅಕ್ಕಾ, ಸ್ವಲ್ಪ ನೀರು ಕೊಡ್ತೀರಾ? ಮಗು ಅಳ್ತಿದೆ." ಕೊಡದೆ ಇರಲಾದೀತೇ? ಮಧ್ಯಾಹ್ನ ದೇವಾಲಯದ ಅಂಗಳದ ಕಲ್ಲು ಹೆಂಚಿನಂತೆ ಕಾದಿರುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೋದ ಪೇಟೆಯವರು ಕುಣಿಯುತ್ತಾ ನೆರಳಿಗೆ ಓಡುವುದನ್ನು ಕಂಡು ನಮ್ಮ ಹುಡುಗರು ನಗುತ್ತಾರೆ. ಅವರಿಗೆ ಮಜ್ಜಿಗೆ, ಕಲ್ಲಂಗಡಿ, ಬೇಯಿಸಿದ ಕಡಲೆಕಾಯಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವ ಮನೆಗಳೂ ಇವೆ. ಈ ಎರಡು ತಿಂಗಳ ವ್ಯಾಪಾರದಲ್ಲಿ ಮಕ್ಕಳ ಶಾಲೆಯ ಪುಸ್ತಕ, ಸಮವಸ್ತ್ರದ ಖರ್ಚು ಹೊರಡುತ್ತದೆ.

ಆದರೆ ಆ ಚೊಂಬಿನ ನೀರು ಎಲ್ಲಿಂದ ಬಂತು? ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಬೆಟ್ಟದ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಸೇರುವ ಭಯ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದೆಂಬುದು ನಿಯಮ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರ ಕೀಲುಗಳಲ್ಲಿ ಬಿಗಿತ ಕಂಡರೆ ನೀರನ್ನು ಪರೀಕ್ಷೆಗೆ ಕಳಿಸಬೇಕು. ಕುದಿಸಿದರೆ ಸರಿಹೋಗುತ್ತದೆಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಮಳೆಗಾಲದಲ್ಲಿ ಶುಚಿಯಾದ ತಾರಸಿಯಿಂದ ಹಿಡಿದು ಮುಚ್ಚಿಟ್ಟ ನೀರೇ ಕುಡಿಯಲು ಎಷ್ಟೋ ಮೇಲು.

ಈಗ ಹಸುವಿನ ಮಾತು. ಮೇ ತಿಂಗಳ ಮೊದಲ ವಾರ ಹಾಲು ಇಳಿಯಿತು. ಬಿಸಿಲಿಗೆ ಇರಬೇಕೆಂದು ಸುಮ್ಮನಿದ್ದೆವು. ನಾಲ್ಕು ದಿನದಲ್ಲಿ ಮೇವು ಬಿಟ್ಟಿತು, ಮೆಲುಕು ನಿಂತಿತು, ಎಡಪಕ್ಕೆ ಉಬ್ಬಿತು, ಸಗಣಿ ಒಂದು ಹಿಡಿಯಷ್ಟು ಬಂದರೆ ಹೆಚ್ಚು. ಡಾಕ್ಟರನ್ನು ಕರೆತರುವ ಹೊತ್ತಿಗೆ ಅದಕ್ಕೆ ಏಳಲೂ ಆಗುತ್ತಿರಲಿಲ್ಲ. ಸತ್ತ ಮೇಲೆ ಹೊಟ್ಟೆ ಕೊಯ್ದು ನೋಡಿದರೆ ಒಂದು ಬುಟ್ಟಿ ತುಂಬುವಷ್ಟು ಪ್ಲಾಸ್ಟಿಕ್ ಕವರು, ಹಗ್ಗದಂತೆ ಹುರಿಗೊಂಡು ಉಂಡೆಯಾಗಿತ್ತು. ಅದರೊಳಗೆ ಚಿಪ್ಸ್ ಪೊಟ್ಟಣಗಳಿದ್ದವು, ಪಾರ್ಸೆಲ್ ಊಟದ ಚೀಲಗಳಿದ್ದವು. ನಮ್ಮ ಅತ್ತೆ ಎರಡು ದಿನ ಅನ್ನ ಮುಟ್ಟಲಿಲ್ಲ. ಆ ಹಸುವಿನ ಹಾಲಿನಿಂದಲೇ ಸಂಘದ ಸಾಲದ ಕಂತು ಕಟ್ಟುತ್ತಿದ್ದೆವು. ಹಸು ಹೋದ ಮೇಲೂ ಕಂತು ನಿಲ್ಲಲಿಲ್ಲ.

ತಪ್ಪೆಲ್ಲ ಪ್ರವಾಸಿಗಳದೆಂದು ಬೈದುಕೊಂಡೆವು. ಡಾಕ್ಟರು ಹೇಳಿದ್ದು ಬೇರೆ. ಹಸಿರು ಮೇವಿಲ್ಲದ ಬೇಸಿಗೆಯಲ್ಲಿ ದನಕ್ಕೆ ಉಪ್ಪು, ರಂಜಕ ಕಡಿಮೆಯಾಗುತ್ತವೆ. ಆಗ ಅದು ಬಟ್ಟೆ, ಕಾಗದ, ಮೂಳೆ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಮೊಸರನ್ನದ ಉಪ್ಪು ಅಂಟಿದ ಕವರಂತೂ ಅದಕ್ಕೆ ಹಬ್ಬ. ಹೊಟ್ಟೆಯ ಮೊದಲ ಚೀಲ ಸೇರಿದ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಮುಂದೆ ಸಾಗುವುದೂ ಇಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಬೆಳೆಯುತ್ತದೆ. ಕರೆಯುವ ಹಸುವಿಗೆ ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿಯೊಡನೆ ಕೊಡಬೇಕು, ಸ್ವಲ್ಪ ಉಪ್ಪನ್ನೂ ಹಾಕಬೇಕು. ಮೆಲುಕು ನಿಂತ ದಿನವೇ ಡಾಕ್ಟರರಿಗೆ ತೋರಿಸಿದರೆ ಶಸ್ತ್ರಚಿಕಿತ್ಸೆಯಿಂದ ಉಳಿಸುವ ಅವಕಾಶವುಂಟು. ಮಧ್ಯಾಹ್ನ ದನವನ್ನು ರಸ್ತೆಗೆ ಬಿಟ್ಟವರು ನಾವೇ ತಾನೇ? ಈಗ ಬಿಡುವುದಿಲ್ಲ. ಹುಣಸೆ ಮರದಡಿ ಕಟ್ಟಿ, ಒಣ ಹುಲ್ಲಿಗೆ ಉಪ್ಪುನೀರು ಚಿಮುಕಿಸಿ ಹಾಕುತ್ತೇವೆ. ಸಂಜೆ ಹುಡುಗರು ಚೀಲ ಹಿಡಿದು ರಸ್ತೆ ಬದಿಯ ಕವರು ಆರಿಸುತ್ತಾರೆ. ಮಾರನೆಯ ದಿನ ಮತ್ತೆ ಅಷ್ಟೇ ಬಿದ್ದಿರುತ್ತದೆ, ಅದು ಬೇರೆ ಮಾತು.

ನಮ್ಮ ಮನೆಯ ಮಗಳನ್ನು ಕಲ್ಯಾಣದುರ್ಗದ ಕಡೆಗೆ ಕೊಟ್ಟಿದ್ದೇವೆ. 2022ರಲ್ಲಿ ಜಿಲ್ಲೆ ಎರಡಾಗಿ ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು, ಅವಳು ಅನಂತಪುರದಲ್ಲೇ ಉಳಿದಳು. ಅವಳೂರಿನ ಬೇಸಿಗೆ ನಮ್ಮದಕ್ಕೆ ತಿರುಗುಮುರುಗು. ಇಲ್ಲಿಗೆ ಬೆಂಗಳೂರಿನವರು ಬರುತ್ತಾರೆ. ಅಲ್ಲಿಂದ ಜನ ಕೂಲಿಗಾಗಿ ಬೆಂಗಳೂರಿಗೆ ಹೋಗುತ್ತಾರೆ. ಕಡಲೆಕಾಯಿ ಕೈಕೊಟ್ಟ ವರ್ಷ ಓಣಿಯ ಅನೇಕ ಮನೆಗಳಿಗೆ ಬೀಗ, ಅಜ್ಜ ಅಜ್ಜಿಯರು ಮಾತ್ರ ಜಗಲಿಯ ಮೇಲೆ. "ನಿಮಗಾದರೆ ಬಾಗಿಲಿಗೇ ಗಿರಾಕಿ ಬರ್ತಾರಲ್ಲಮ್ಮಾ, ನಮ್ಮ ಕಡೆ ಕಾಗೆಯೂ ಬರಲ್ಲ," ಎಂದು ಅವಳು ಹೇಳಿದಾಗ ನಮ್ಮ ಗೊಣಗಾಟ ಅರ್ಧ ಕಡಿಮೆಯಾಯಿತು.

ಅವಳ ಮಾವನವರಿಗೆ ಬಿಸಿಲು ಬಡಿದದ್ದೂ ಕಳೆದ ವರ್ಷವೇ. ನಡುಮಧ್ಯಾಹ್ನ ಬೇಲಿ ಕಟ್ಟುತ್ತಿದ್ದವರು ಅಸಂಬದ್ಧ ಮಾತಾಡತೊಡಗಿದರು, ಮೈ ಕಾದ ಕಬ್ಬಿಣದಂತಿತ್ತು. ಮಗಳು ಬಾಯಿಗೆ ನೀರು ಹೊಯ್ಯಲಿಲ್ಲ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಮೈಮೇಲೆಲ್ಲ ನೀರು ಸುರಿದು ಬೀಸಿದಳು. 108ಕ್ಕೆ ಫೋನ್ ಮಾಡಿಸಿದಳು. ಬದುಕಿದರು. ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಮೊದಲು ಮೈ ತಣಿಸಬೇಕು. ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಆರ್‌ಡಿಟಿ ಸಂಸ್ಥೆ ಕಲ್ಯಾಣದುರ್ಗದಲ್ಲೂ ಆಸ್ಪತ್ರೆ ತೆರೆಯಿತು. ಅದಕ್ಕೂ ಮೊದಲು ಇಂಥ ರೋಗಿಗಳು ಎಷ್ಟು ದೂರ ಹೋಗಬೇಕಿತ್ತೆಂದು ಹಿರಿಯರನ್ನು ಕೇಳಬೇಕು. ಬರೀ ಸುಸ್ತು, ತಲೆಸುತ್ತು, ಸ್ನಾಯು ಸೆಳೆತವಾದರೆ ಮನೆಯಲ್ಲೇ ಮದ್ದುಂಟು: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾಗಿ ಅಳೆದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿಯೂ ಒಳ್ಳೆಯದೇ. ಬಾಗಿಲಿಗೆ ಬರುವ ಪ್ರವಾಸಿಯ ಮಗುವಿಗೂ ಇದನ್ನೇ ಕೊಡಬಹುದು. ಬಣ್ಣದ ಬಾಟಲಿ ಪಾನೀಯಕ್ಕಿಂತ ವಾಸಿ.

ಇನ್ನೊಂದು ಮಾತು ಹೇಳದಿದ್ದರೆ ನ್ಯಾಯವಾಗದು. ಸೆಪ್ಟೆಂಬರಿನಲ್ಲಿ ವೇಳಾಂಗಣ್ಣಿಗೆ ಹೋದಾಗ ನಾವೂ ಪ್ರವಾಸಿಗಳೇ. ಸಮುದ್ರದ ದಂಡೆಯಲ್ಲಿ ಚಿತ್ರಾನ್ನ ತಿಂದು ಕವರು ಎಲ್ಲಿ ಬಿಸಾಡಿದೆವೆಂದು ನೆನಪಿದೆಯೇ? ಹಸು ಸತ್ತ ಮೇಲೆ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಯಾರೂ ಉತ್ತರ ಕೊಡಲಿಲ್ಲ.

ಈಗ ಮೇ ಕೊನೆಯಾಗುತ್ತಿದೆ. ಕಡಲೆಕಾಯಿ ಬೀಜ ಇಟ್ಟವರು ಕಾಯಿಯಾಗಿಯೇ ಗೋಣಿಯಲ್ಲಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಈಗಲೇ ಸುಲಿದಿಟ್ಟ ಬೀಜ ಬಿಸಿಲಿನ ಕಾವಿಗೆ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಬಿತ್ತನೆಗೆ ಕೆಲವು ದಿನ ಮುಂಚೆ ಸುಲಿದರೆ ಸಾಕು. ಕದಿರಿ ಸಂಶೋಧನಾ ಕೇಂದ್ರದವರು ಹೊರತಂದ ಕೆ-1812 ಎಂಬ ತಳಿಗೆ 'ಕದಿರಿ ಲೇಪಾಕ್ಷಿ' ಎಂದು ನಮ್ಮೂರಿನ ಹೆಸರಿಟ್ಟಿದ್ದಾರೆ. ಬರ ತಡೆಯುವ ತಳಿಯೆಂದು ಬೇರೆ ರಾಜ್ಯದ ರೈತರೂ ಕೇಳಿಕೊಂಡು ಬರುತ್ತಾರೆ. ನಾವು ಎರಡು ಮೂಟೆ ತೆಗೆದಿಟ್ಟಿದ್ದೇವೆ, ಮಗಳ ಮನೆಗೆ ಒಂದು. ಹೊಸ ಹಸುವಿನ ಮಾತು ಕಡಲೆಕಾಯಿ ಮನೆಗೆ ಬಂದ ಮೇಲೆ.