ಬ್ರೌಸರ್ ಬದಲಾದರೂ ದಾಖಲೆ ತೆರೆಯಬೇಕು

ವ್ಯಾಪಾರದಲ್ಲಿ ತೂಕ ಮತ್ತು ಅಳತೆಗೆ ಒಂದೇ ಮಾನದಂಡವಿರಬೇಕೆಂಬುದನ್ನು ಯಾವ ವರ್ತಕನಿಗೂ ವಿವರಿಸಬೇಕಾಗಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ದೇಶವು ಸೇರು, ಮಣಗಳನ್ನು ಬಿಟ್ಟು ಕಿಲೋಗ್ರಾಮಿಗೆ ಬಂದಿತು. 1957ರ ಏಪ್ರಿಲ್ 1ರಂದು ಆಣೆ, ಪೈಗಳ ಸ್ಥಾನದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಯಾಯಿತು. ಆದರೂ ಹಳೆಯ ನಾಣ್ಯಗಳು ಕೆಲಕಾಲ ಹೊಸ ನಾಣ್ಯಗಳ ಜೊತೆಯಲ್ಲಿಯೇ ಚಲಾವಣೆಯಲ್ಲಿದ್ದವು. ಹೊಸ ಮಾನದಂಡ ಎಲ್ಲರಿಗೂ ಒಂದೇ ಆಗಿರಬೇಕು. ಹಳೆಯದನ್ನು ನಂಬಿದವನಿಗೆ ನಷ್ಟವೂ ಆಗಬಾರದು. ಈ ಎರಡು ಬೇಡಿಕೆಗಳ ನಡುವಣ ತಿಕ್ಕಾಟ ಇಂದು ಗಣಕಯಂತ್ರದ ಪರದೆಯ ಮೇಲೆ, ಅಂತರಜಾಲವನ್ನು ತೆರೆದು ತೋರಿಸುವ ಬ್ರೌಸರ್ ಎಂಬ ತಂತ್ರಾಂಶದಲ್ಲಿ ನಡೆಯುತ್ತಿದೆ.

ಇದು ಕೇವಲ ತಂತ್ರಜ್ಞರ ವಿಷಯವೆಂದು ವರ್ತಕರು ಕೈಬಿಡುವಂತಿಲ್ಲ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯಾಗಲಿ, ತಿಕೋಟಾ ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರೊಡನೆ ವ್ಯವಹರಿಸುವ ಅಡತಿ ಅಂಗಡಿಯಾಗಲಿ, ಇಟ್ಟಂಗಿಹಾಳದಲ್ಲಿ ಆಹಾರ ಸಂಸ್ಕರಣಾ ಘಟಕ ಹೂಡಬಯಸುವ ಸಣ್ಣ ಉದ್ಯಮಿಯಾಗಲಿ, ಇಂದು ಬ್ರೌಸರನ್ನು ತೆರೆಯದೆ ವ್ಯವಹಾರ ನಡೆಸಲಾರರು. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾಯಿತು. ಅಂದಿನಿಂದ ಮಾರುಕಟ್ಟೆಯ ಬಿಡ್ಡು, ತೆರಿಗೆಯ ರಿಟರ್ನು, ಕಂಪನಿಯ ವಾರ್ಷಿಕ ವರದಿ ಎಲ್ಲವೂ ಇದೇ ಬಾಗಿಲಿನಿಂದ ಒಳಹೋಗಿ ಹೊರಬರುತ್ತಿವೆ.

ಒಂದೇ ಬ್ರೌಸರಿಗಾಗಿ ಕಟ್ಟಿದ ಮನೆ

ಜಾಲಪುಟಗಳನ್ನು ಹೇಗೆ ಬರೆಯಬೇಕು, ಬ್ರೌಸರುಗಳು ಅವನ್ನು ಹೇಗೆ ತೋರಿಸಬೇಕು ಎಂಬ ನಿಯಮಗಳಿಗೆ ಮಾನಕಗಳೆಂದು ಹೆಸರು. ಇವುಗಳನ್ನು ರೂಪಿಸಲು 1994ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸ್ಥಾಪಿತವಾಯಿತು. ಆದರೆ 2001ರಲ್ಲಿ ಬಂದ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಮಾರುಕಟ್ಟೆಯನ್ನು ಆವರಿಸಿದಾಗ, ಜಾಲತಾಣ ಕಟ್ಟುವವರು ಮಾನಕವನ್ನು ಬಿಟ್ಟು ಆ ಒಂದು ಬ್ರೌಸರಿನ ನಡೆಯನ್ನೇ, ಅದರ ದೋಷಗಳ ಸಹಿತ, ಪ್ರಮಾಣವೆಂದು ಭಾವಿಸಿದರು. ‘ಈ ತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ನೋಡುವುದು ಉತ್ತಮ’ ಎಂಬ ಸೂಚನೆ ಆ ಕಾಲದ ಅನೇಕ ತಾಣಗಳ ಅಡಿಯಲ್ಲಿ ಇರುತ್ತಿತ್ತು.

ಮೈಕ್ರೋಸಾಫ್ಟ್ ತನ್ನ ದೋಷಗಳನ್ನು ತಿದ್ದಲು ಹೊರಟಾಗ ಸಮಸ್ಯೆ ಬಯಲಾಯಿತು. ಮಾನಕವನ್ನು ಪಾಲಿಸಿದರೆ ತಪ್ಪು ಅಳತೆಗೆ ಹೊಂದಿಸಿ ಕಟ್ಟಿದ ಹಳೆಯ ತಾಣಗಳು ಕೆಡುತ್ತವೆ. ಪಾಲಿಸದಿದ್ದರೆ ಹೊಸ ತಾಣಗಳು ಸರಿಯಾಗಿ ಕಾಣುವುದಿಲ್ಲ. 2008ರ ಜನವರಿಯಲ್ಲಿ ಸಂಸ್ಥೆಯು, ಪುಟವೇ ವಿಶೇಷವಾಗಿ ಕೋರಿದರೆ ಮಾತ್ರ ಎಂಟನೆಯ ಆವೃತ್ತಿಯು ಹೊಸ ಮಾನಕವನ್ನು ಅನುಸರಿಸುವುದೆಂದು ಪ್ರಕಟಿಸಿತು. ತೀವ್ರ ಟೀಕೆಯ ನಂತರ ಅದೇ ಮಾರ್ಚಿನಲ್ಲಿ ನಿರ್ಧಾರವನ್ನು ತಿರುಗಿಸಿತು. 2009ರ ಮಾರ್ಚಿನಲ್ಲಿ ಹೊರಬಂದ ಆ ಆವೃತ್ತಿಯು ಮಾನಕವನ್ನೇ ಮೊದಲು ಪಾಲಿಸಿತು. ಹಳೆಯ ತಾಣಗಳಿಗಾಗಿ ವಿಳಾಸಪಟ್ಟಿಯ ಬಳಿ ಒಂದು ಪ್ರತ್ಯೇಕ ಗುಂಡಿಯನ್ನು ಇಡಲಾಯಿತು.

ಯಾವುದು ಉಳಿಯಿತು, ಯಾವುದು ಅಳಿಯಿತು?

ಹಾಗಾದರೆ ಮಾನಕಪಾಲನೆಯೂ ಹಳೆಯದರ ರಕ್ಷಣೆಯೂ ಪರಸ್ಪರ ವೈರಿಗಳೇ? ಕಳೆದ ಮೂರು ದಶಕಗಳ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 1991ರಲ್ಲಿ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಮೊಟ್ಟಮೊದಲ ಜಾಲತಾಣದ ಪ್ರತಿಯು ಇಂದಿನ ಮೊಬೈಲಿನಲ್ಲಿಯೂ ತೆರೆಯುತ್ತದೆ. ಮಾನಕ ರೂಪಿಸುವವರು ಹಳೆಯ ತಾಣಗಳಿಗಾಗಿ ತಾವೇ ಬಾಗಿದ ಉದಾಹರಣೆಯೂ ಇದೆ. 2018ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೆ ‘ಫ್ಲಾಟನ್’ ಎಂಬ ಹೊಸ ಸೌಲಭ್ಯವನ್ನು ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ತಂತ್ರಾಂಶವನ್ನು ಬಳಸಿದ ತಾಣಗಳು ಆ ಹೆಸರಿನಿಂದ ಕೆಡುವುದು ಕಂಡುಬಂದಿತು. ಕೊನೆಗೆ ಹೊಸ ಸೌಲಭ್ಯದ ಹೆಸರನ್ನೇ ‘ಫ್ಲಾಟ್’ ಎಂದು ಬದಲಿಸಲಾಯಿತು.

ಇದಕ್ಕೆ ವಿರುದ್ಧವಾಗಿ, ಬ್ರೌಸರಿಗೆ ಹೊರಗಿನಿಂದ ಅಂಟಿಸಿದ ಖಾಸಗಿ ಉಪಾಂಗಗಳು ಒಂದೊಂದಾಗಿ ಅಳಿದವು. ಕ್ರೋಮ್ 2015ರಲ್ಲಿ ಜಾವಾ ಆಪ್ಲೆಟ್ ಮೊದಲಾದ ಹಳೆಯ ಪ್ಲಗ್‌ಇನ್‌ಗಳಿಗೆ ಬಾಗಿಲು ಮುಚ್ಚಿತು. ಫೈರ್‌ಫಾಕ್ಸ್ 2017ರಲ್ಲಿ ಅದೇ ದಾರಿ ಹಿಡಿಯಿತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಕೂಡ ನಿವೃತ್ತವಾಯಿತು. ಎಡ್ಜ್ ಬ್ರೌಸರಿನೊಳಗಿನ ‘ಐಇ ಮೋಡ್’ ಎಂಬ ವ್ಯವಸ್ಥೆಗೆ ಕನಿಷ್ಠ 2029ರವರೆಗೆ ಬೆಂಬಲ ನೀಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಸಾಲಕ್ಕೆ ಸಿಕ್ಕ ವಾಯಿದೆಯೆಂದೇ ಇದನ್ನು ತಿಳಿಯಬೇಕು. ಸಾರ್ವಜನಿಕ ಮಾನಕದಲ್ಲಿ ಬರೆದುದು ಬಾಳಿತು. ಒಂದೇ ಸಂಸ್ಥೆಯ ಸೊತ್ತನ್ನು ನೆಚ್ಚಿದುದು ಆ ಸಂಸ್ಥೆಯ ಮರ್ಜಿ ಇರುವವರೆಗೆ ಮಾತ್ರ ಬಾಳಿತು.

ಕನ್ನಡದ ಅನುಭವ

ಈ ಪಾಠವನ್ನು ಕನ್ನಡಿಗರು ತಮ್ಮ ಲಿಪಿಯಲ್ಲಿಯೇ ಕಲಿತಿದ್ದಾರೆ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಯಂತ್ರಕ್ಕೆ ತಂದ ಉಪಕಾರ ದೊಡ್ಡದು. ಆದರೆ ಅವುಗಳ ಆರಂಭದ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಅನೇಕ ಕನ್ನಡ ತಾಣಗಳು ಓದುಗರಿಗೆ ಫಾಂಟನ್ನು ಇಳಿಸಿಕೊಳ್ಳಲು ಹೇಳುತ್ತಿದ್ದವು. ಇಲ್ಲವೇ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಅರಿಯುವ ‘ಡೈನಮಿಕ್ ಫಾಂಟ್’ ಬಳಸುತ್ತಿದ್ದವು.

ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಮಾನಕವು ಕನ್ನಡಕ್ಕೆ 128 ಸಂಕೇತಸ್ಥಾನಗಳ ಸ್ವಂತ ನೆಲೆಯನ್ನು ಕೊಟ್ಟಿದೆ. 2001ರ ವಿಂಡೋಸ್ ಎಕ್ಸ್‌ಪಿಯು ತುಂಗಾ ಎಂಬ ಯೂನಿಕೋಡ್ ಫಾಂಟಿನೊಡನೆ ಬಂದಿತು. ನುಡಿಯ ನಂತರದ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯಬಲ್ಲವು. ಯೂನಿಕೋಡಿನಲ್ಲಿ ಬರೆದ ಗಿರಾಕಿಯ ಹೆಸರನ್ನು ಯಾವ ಬ್ರೌಸರಿನಲ್ಲಿಯೂ ಓದಬಹುದು, ಹುಡುಕಬಹುದು. ಹಳೆಯ ಫಾಂಟಿನಲ್ಲಿ ಬರೆದ ಅದೇ ಹೆಸರು ಹುಡುಕಾಟಕ್ಕೆ ಸಿಗುವುದಿಲ್ಲ.

ಸರ್ಕಾರಿ ಪೋರ್ಟಲ್‌ಗಳ ಪಾಠ

2006ರಲ್ಲಿ ಆರಂಭವಾದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ21 ವ್ಯವಸ್ಥೆಯ ನಮೂನೆಗಳು ಅಡೋಬ್ ಸಂಸ್ಥೆಯ ವಿಶೇಷ ಬಗೆಯ ಪಿಡಿಎಫ್ ಕಡತಗಳಾಗಿದ್ದವು. ಬ್ರೌಸರಿನಲ್ಲಿ ನೇರವಾಗಿ ತೆರೆದರೆ ‘ದಯವಿಟ್ಟು ಕಾಯಿರಿ’ ಎಂಬ ಒಕ್ಕಣೆಯ ಹೊರತು ಏನೂ ಕಾಣುತ್ತಿರಲಿಲ್ಲ. ಅಡೋಬ್ ರೀಡರ್ ಬೇಕೇ ಬೇಕಿತ್ತು. ಎಂಸಿಎಯ ಮೂರನೆಯ ಆವೃತ್ತಿಯು 2022ರಿಂದ ಹಂತಹಂತವಾಗಿ ಜಾಲಪುಟದಲ್ಲಿಯೇ ತುಂಬುವ ನಮೂನೆಗಳನ್ನು ತಂದಿತು. ಜಿಎಸ್‌ಟಿ ಪೋರ್ಟಲ್ ಬರುವ ವೇಳೆಗೆ ಬ್ರೌಸರುಗಳು ಪ್ಲಗ್‌ಇನ್‌ಗಳನ್ನು ಕೈಬಿಟ್ಟಿದ್ದವು. ಆದುದರಿಂದ ಡಿಜಿಟಲ್ ಸಹಿಗೆ ಎಮ್‌ಸೈನರ್ ಎಂಬ ಪ್ರತ್ಯೇಕ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಅಳವಡಿಸಬೇಕಾಯಿತು. ರಿಟರ್ನು ಸಲ್ಲಿಸುವ ಕೊನೆಯ ದಿನ ಸಹಿ ಸ್ವೀಕಾರವಾಗದೆ ಹೋದರೆ, ದೋಷ ಬ್ರೌಸರಿನದಾದರೂ ವಿಳಂಬ ಶುಲ್ಕ ಬೀಳುವುದು ವರ್ತಕನ ತಲೆಯ ಮೇಲೆಯೇ.

ಕಾಯಿದೆ ಏನನ್ನು ಕೇಳುತ್ತದೆ?

ಇದಕ್ಕಿಂತ ಗಂಭೀರವಾದುದು ದಾಖಲೆಗಳ ಸಂರಕ್ಷಣೆ. 2013ರ ಕಂಪನಿ ಕಾಯಿದೆಯ 128ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳವರೆಗೆ ಇಡಬೇಕು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ಇಡಬೇಕು. 2014ರ ಕಂಪನಿ ಲೆಕ್ಕಪತ್ರಗಳ ನಿಯಮಗಳಲ್ಲಿ ಮೂರನೆಯ ನಿಯಮವು ಇನ್ನೂ ಮುಂದೆ ಹೋಗಿ, ಗಣಕಯಂತ್ರದಲ್ಲಿಟ್ಟ ಪುಸ್ತಕಗಳು ಮುಂದೆ ಪರಿಶೀಲನೆಗೆ ಬಳಸುವಂತೆ ಲಭ್ಯವಿರಬೇಕೆಂದು ವಿಧಿಸುತ್ತದೆ. ಕಡತವು ಡಿಸ್ಕಿನಲ್ಲಿ ಇದ್ದರೆ ಸಾಲದು. ಅದು ತೆರೆಯಬೇಕು, ಓದಲು ಬರಬೇಕು. ಎಂಟು ವರ್ಷಗಳಲ್ಲಿ ಬ್ರೌಸರಿನ ಸ್ವರೂಪ ಎಷ್ಟು ಬದಲಾಗಬಲ್ಲದೆಂಬುದಕ್ಕೆ 2015ರಿಂದ 2022ರವರೆಗಿನ ಮೇಲಿನ ಪಟ್ಟಿಯೇ ಸಾಕ್ಷಿ.

ವರ್ತಕರು ಮಾಡಬೇಕಾದುದು

ಮೊದಲನೆಯದಾಗಿ, ಹೊಸ ಜಾಲತಾಣ ಅಥವಾ ಬಿಲ್ಲಿಂಗ್ ತಂತ್ರಾಂಶಕ್ಕೆ ಕಾರ್ಯಾದೇಶ ಕೊಡುವಾಗ, ಅದು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮತ್ತು ಸಫಾರಿಗಳಲ್ಲಿ ಪ್ಲಗ್‌ಇನ್ ಇಲ್ಲದೆ ನಡೆಯಬೇಕು, ಕನ್ನಡವು ಯೂನಿಕೋಡಿನಲ್ಲಿಯೇ ಇರಬೇಕು ಎಂಬ ಷರತ್ತನ್ನು ಲಿಖಿತವಾಗಿ ಸೇರಿಸಬೇಕು. ಹಣದ ಕೊನೆಯ ಕಂತನ್ನು ಈ ಪರೀಕ್ಷೆಯ ನಂತರ ಕೊಡುವುದು ಲೇಸು.

ಎರಡನೆಯದಾಗಿ, ಹಳೆಯ ಫಾಂಟಿನಲ್ಲಿರುವ ಕರಾರುಪತ್ರ, ಪತ್ರವ್ಯವಹಾರಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳು ಒತ್ತಕ್ಷರ ಮತ್ತು ಅರ್ಕಾವತ್ತುಗಳಲ್ಲಿ ಎಡವುವ ಸಂಭವವಿರುವುದರಿಂದ ಹೆಸರು ಮತ್ತು ಮೊತ್ತಗಳನ್ನು ಮೂಲದೊಡನೆ ತಾಳೆ ನೋಡಬೇಕು. ಮೂಲ ಕಡತವನ್ನೂ ಕಾಯ್ದಿಡಬೇಕು.

ಮೂರನೆಯದಾಗಿ, ಪೋರ್ಟಲ್‌ಗಳಲ್ಲಿ ಸಲ್ಲಿಸಿದ ರಿಟರ್ನು, ಚಲನು, ಸ್ವೀಕೃತಿಗಳನ್ನು ಆಯಾ ತಿಂಗಳೇ ಸಾಮಾನ್ಯ ಪಿಡಿಎಫ್ ರೂಪದಲ್ಲಿ ಇಳಿಸಿ ವರ್ಷವಾರು ಇಡಬೇಕು. ವರ್ಷಕ್ಕೊಮ್ಮೆ, ಲೆಕ್ಕಪರಿಶೋಧನೆಗೆ ಮುನ್ನ, ಹಿಂದಿನ ವರ್ಷಗಳ ಒಂದೆರಡು ಕಡತಗಳನ್ನು ಹೊಸ ಯಂತ್ರದಲ್ಲಿ ತೆರೆದು ನೋಡಬೇಕು.

ಕೊನೆಯದಾಗಿ, ಹಳೆಯ ತಂತ್ರಾಂಶಕ್ಕಾಗಿಯೇ ಹಳೆಯ ವಿಂಡೋಸ್ ಯಂತ್ರವನ್ನು ಉಳಿಸಿಕೊಂಡವರು ಅದಕ್ಕೆ ಅಂತರಜಾಲ ಸಂಪರ್ಕ ಕೊಡಬಾರದು. ಭದ್ರತಾ ತಿದ್ದುಪಡಿಗಳು ನಿಂತಿರುವ ಯಂತ್ರವೆಂದರೆ ಬೀಗವಿಲ್ಲದ ತಿಜೋರಿ. ಐಇ ಮೋಡನ್ನು ನೆಚ್ಚಿರುವವರು ಅದರ ಅವಧಿ ಮುಗಿಯುವ ಮುನ್ನವೇ ಹೊಸ ವ್ಯವಸ್ಥೆಯ ವೆಚ್ಚವನ್ನು ಬಜೆಟ್ಟಿನಲ್ಲಿ ಸೇರಿಸಬೇಕು. ಪ್ರತಿ ವರ್ಷ ಸವಕಳಿಗೆ ಹಣ ತೆಗೆದಿಡುವ ಉದ್ಯಮಿಯು ತನ್ನ ದಾಖಲೆಗಳ ಸವಕಳಿಗೂ ಅಷ್ಟೇ ಗಮನ ಕೊಡುವುದು ವಿವೇಕ.