ಕಾದು ಗೆದ್ದ ನಿರ್ಮಾಪಕ ಜಾನ್ ಬ್ರೆಬೋರ್ನ್

ಅಗಾಥಾ ಕ್ರಿಸ್ಟಿ ತಮ್ಮ ಕಾದಂಬರಿಗಳನ್ನು ಸಿನಿಮಾದವರ ಕೈಗೆ ಸುಲಭಕ್ಕೆ ಒಪ್ಪಿಸುತ್ತಿರಲಿಲ್ಲ. 1960ರ ದಶಕದಲ್ಲಿ ಎಂಜಿಎಂ ಸಂಸ್ಥೆ ಮಿಸ್ ಮಾರ್ಪಲ್ ಕಥೆಗಳನ್ನು ತೆರೆಗೆ ತಂದ ರೀತಿ ಅವರಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಅಂಥವರಿಂದ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಕಾದಂಬರಿಯ ಹಕ್ಕು ಪಡೆದವರು ಬ್ರಿಟಿಷ್ ನಿರ್ಮಾಪಕ ಜಾನ್ ಬ್ರೆಬೋರ್ನ್. ಅವರ ಪರವಾಗಿ ಲೇಖಕಿಯ ಜೊತೆ ಮಾತಾಡಿದ್ದು ಮಾವ, ಭಾರತದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್. 1924ರಷ್ಟು ಹಿಂದೆಯೇ ಕ್ರಿಸ್ಟಿಗೆ ಪತ್ರ ಬರೆದು ಪತ್ತೇದಾರಿ ಕಥೆಯ ಎಳೆಯೊಂದನ್ನು ಸೂಚಿಸಿದ್ದ ಅಭಿಮಾನಿ ಅವರು.

ಪರಿಚಯದಿಂದ ಹಕ್ಕು ಸಿಕ್ಕಿತು, ನಿಜ. ಆದರೆ ಲೇಖಕಿಯ ನಂಬಿಕೆ ಉಳಿಸಿಕೊಂಡದ್ದು ಬ್ರೆಬೋರ್ನ್ ಮತ್ತು ಅವರ ಜೊತೆಗಾರ ರಿಚರ್ಡ್ ಗುಡ್ವಿನ್. ಸಿಡ್ನಿ ಲುಮೆಟ್ ನಿರ್ದೇಶನ. ಪತ್ತೇದಾರ ಪ್ವಾರೋ ಪಾತ್ರಕ್ಕೆ ಆಲ್ಬರ್ಟ್ ಫಿನ್ನಿ. ರೈಲಿನ ಡಬ್ಬಿ ತುಂಬ ಇಂಗ್ರಿಡ್ ಬರ್ಗ್‌ಮನ್, ಶಾನ್ ಕಾನರಿ, ಲಾರೆನ್ ಬಕಾಲ್, ಜಾನ್ ಗೀಲ್‌ಗುಡ್‌ರಂಥ ಘಟಾನುಘಟಿಗಳು. 1974ರಲ್ಲಿ ಲಂಡನ್‌ನಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ 84ರ ಕ್ರಿಸ್ಟಿ ತಾವೇ ಬಂದರು. ಚಿತ್ರವನ್ನು ಮೆಚ್ಚಿದ ಅವರು ತೆಗೆದ ತಕರಾರು ಪ್ವಾರೋನ ಮೀಸೆಯದು: ತಾವು ಬರೆದಷ್ಟು ಭರ್ಜರಿಯಾಗಿಲ್ಲ ಎಂದು! ಬರ್ಗ್‌ಮನ್‌ಗೆ ಈ ಚಿತ್ರಕ್ಕಾಗಿ ಆಸ್ಕರ್ ಬಂತು.

ನಿರ್ಮಾಪಕ ಎಂದರೆ ದುಡ್ಡು ಹಾಕುವವನು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಬ್ರೆಬೋರ್ನ್ ಅವರ ಬದುಕು ನೋಡಿದರೆ ಆ ಕೆಲಸದ ಆಳ ತಿಳಿಯುತ್ತದೆ. ಒಂದು ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಯುವುದು, ಒಲ್ಲೆನೆಂದವರನ್ನು ಒಪ್ಪಿಸುವುದು, ಸರಿಯಾದ ನಿರ್ದೇಶಕನನ್ನು ಹುಡುಕಿ ಅವನ ಬೆನ್ನಿಗೆ ನಿಲ್ಲುವುದು. ಇದರಲ್ಲಿ ಅವರದು ಪಳಗಿದ ಕೈ.

ಹುಟ್ಟಿದ್ದು 1924ರಲ್ಲಿ. ತಂದೆ ಮೊದಲು ಬೊಂಬಾಯಿಯ, ಆಮೇಲೆ ಬಂಗಾಳದ ಗವರ್ನರ್. ಮುಂಬೈಯ ಬ್ರೆಬೋರ್ನ್ ಕ್ರೀಡಾಂಗಣಕ್ಕೆ ಅವರದೇ ಹೆಸರು. ಕೋಲ್ಕತ್ತದ ಲೇಡಿ ಬ್ರೆಬೋರ್ನ್ ಕಾಲೇಜಿಗೆ ತಾಯಿಯದು. 1939ರಲ್ಲಿ ತಂದೆ ತೀರಿಕೊಂಡರು. ಅಣ್ಣ 1943ರಲ್ಲಿ ಇಟಲಿಯಲ್ಲಿ ಜರ್ಮನ್ನರ ಕೈಗೆ ಸಿಕ್ಕು ಕೊಲೆಯಾದ. ಹೀಗೆ ಹತ್ತೊಂಬತ್ತರ ಒಳಗೇ ಜಾನ್ ತಲೆಗೆ ಲಾರ್ಡ್ ಪದವಿ ಬಂತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಮೌಂಟ್‌ಬ್ಯಾಟನ್ ಅವರ ಹಿರಿಮಗಳು ಪೆಟ್ರೀಶಿಯಾರನ್ನು ಮದುವೆಯಾದರು. ಅಂಥ ಮನೆತನದವರು ಸಿನಿಮಾ ಸೇರಿ, ಸಹಾಯಕ ಪ್ರೊಡಕ್ಷನ್ ಮ್ಯಾನೇಜರ್ ಹುದ್ದೆಯಿಂದ ಕೆಲಸ ಕಲಿತರು.

1960ರ ‘ಸಿಂಕ್ ದಿ ಬಿಸ್ಮಾರ್ಕ್!’ ಅವರಿಗೆ ಹೆಸರು ತಂದಿತು. ಗುಜರಿಗೆ ಹೋಗಲಿದ್ದ ‘ವ್ಯಾನ್‌ಗಾರ್ಡ್’ ಎಂಬ ನಿಜವಾದ ಯುದ್ಧನೌಕೆಯಲ್ಲೇ ಅದರ ಕೆಲವು ದೃಶ್ಯಗಳ ಚಿತ್ರೀಕರಣ ನಡೆಯಿತು. ಆಮೇಲೆ ಆಂಥೊನಿ ಹ್ಯಾವ್‌ಲಾಕ್-ಅಲನ್ ಜೊತೆ ಸೇರಿ ಒಲಿವಿಯರ್ ಅವರ ‘ಒಥೆಲೊ’, 1968ರಲ್ಲಿ ಜೆಫಿರೆಲ್ಲಿಯ ‘ರೋಮಿಯೋ ಅಂಡ್ ಜೂಲಿಯೆಟ್’. ಪ್ರೇಮಿಗಳ ಪಾತ್ರಕ್ಕೆ ಹೆಸರಾಂತ ತಾರೆಯರನ್ನು ಬಿಟ್ಟು ಹದಿಹರೆಯದ ಇಬ್ಬರನ್ನು ನೆಚ್ಚಿಕೊಂಡದ್ದು ಆ ಕಾಲಕ್ಕೆ ದೊಡ್ಡ ಧೈರ್ಯ.

1979ರ ಆಗಸ್ಟ್ 27. ಐರ್ಲೆಂಡಿನ ಮಲಗ್‌ಮೋರ್‌ನಲ್ಲಿ ಮನೆಯವರು ದೋಣಿಯಲ್ಲಿ ಹೊರಟಿದ್ದಾಗ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬ್ ಸಿಡಿಯಿತು. ಮೌಂಟ್‌ಬ್ಯಾಟನ್, ಬ್ರೆಬೋರ್ನ್ ದಂಪತಿಯ ಹದಿನಾಲ್ಕರ ಮಗ ನಿಕೋಲಸ್, ದೋಣಿಯಲ್ಲಿ ಕೆಲಸಕ್ಕಿದ್ದ ಹುಡುಗ ಪಾಲ್ ಮ್ಯಾಕ್ಸ್‌ವೆಲ್ ಸತ್ತರು. ಗಾಯಗೊಂಡಿದ್ದ ಜಾನ್ ತಾಯಿ ಡೊರೀನ್ ಮರುದಿನ ಅಸುನೀಗಿದರು. ನಿಕೋಲಸ್‌ನ ಅವಳಿ ಟಿಮೊಥಿ ಮತ್ತು ತಂದೆತಾಯಿ ತೀವ್ರ ಗಾಯಗಳೊಂದಿಗೆ ಉಳಿದರು. ಈ ಆಘಾತದ ಮರುವರ್ಷವೇ ಬ್ರೆಬೋರ್ನ್ ಹೆಸರು ಹೊತ್ತ ಮತ್ತೊಂದು ಕ್ರಿಸ್ಟಿ ಚಿತ್ರ ‘ದಿ ಮಿರರ್ ಕ್ರ್ಯಾಕ್ಡ್’ ಬಿಡುಗಡೆಯಾಯಿತು. ಅಷ್ಟೊಂದು ಕಳೆದುಕೊಂಡ ಮನುಷ್ಯ ಮತ್ತೆ ಕೆಲಸಕ್ಕೆ ನಿಂತದ್ದನ್ನು ನೆನೆದರೆ ಎದೆ ಭಾರವಾಗುತ್ತದೆ.

ಅವರ ಅತಿ ದೊಡ್ಡ ಕೆಲಸ ನಡೆದದ್ದು ಇನ್ನೂ ಮುಂದೆ, ಅದೂ ನಮ್ಮ ನೆಲದಲ್ಲಿ. ಇ.ಎಂ. ಫಾರ್ಸ್ಟರ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾ ಆಗುವುದನ್ನು ಬಯಸಲಿಲ್ಲ. 1970ರಲ್ಲಿ ಅವರು ತೀರಿಕೊಂಡ ಮೇಲೆ ಹಕ್ಕು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಹೋಯಿತು. ಅಲ್ಲಿಯೂ ಕೇಳಿ ಬಂದವರೆಲ್ಲ ಬರಿಗೈಲಿ ಮರಳಿದರು. ಸತ್ಯಜಿತ್ ರಾಯ್ ಅವರಿಗೂ ಆ ಕಾದಂಬರಿಯ ಮೇಲೆ ಕಣ್ಣಿತ್ತು. ಕಡೆಗೆ 1981ರಲ್ಲಿ ಹಕ್ಕು ಬ್ರೆಬೋರ್ನ್ ಮತ್ತು ಗುಡ್ವಿನ್ ಪಾಲಾಯಿತು. ಈ ಕಾದಂಬರಿಯನ್ನು ಮೊದಲೇ ನಾಟಕವಾಗಿಸಿದ್ದವರು ಮಂಗಳೂರು ಮೂಲದ ಬೆನಗಲ್ ಮನೆತನದ ಸಾಂತಾ ರಾಮರಾವ್. ‘ಡಾಕ್ಟರ್ ಜಿವಾಗೊ’ ಮೆಚ್ಚಿದ್ದ ಬ್ರೆಬೋರ್ನ್ ನಿರ್ದೇಶನಕ್ಕೆ ಕರೆದದ್ದು, 1970ರ ನಂತರ ಚಲನಚಿತ್ರವನ್ನೇ ತೆರೆಗೆ ತಂದಿರದ ಡೇವಿಡ್ ಲೀನ್ ಅವರನ್ನು.

ಫಾರ್ಸ್ಟರ್ ಬರೆದ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್. ಆ ಜಾಗ ಲೀನ್ ಕಣ್ಣಿಗೆ ಸಪ್ಪೆಯೆನಿಸಿತು. ಅವರ ಮನಸ್ಸಿಗೆ ಬಂದದ್ದು ಸಾವನದುರ್ಗ ಮತ್ತು ರಾಮನಗರದ ರಾಮದೇವರಬೆಟ್ಟ. ಬಂಡೆಯಲ್ಲಿ ಗುಹೆಯ ಬಾಯಿಗಳನ್ನಷ್ಟೇ ಕೊರೆಸಿದರು. ಕಾದಂಬರಿಯ ಚಂದ್ರಪುರದ ಪೇಟೆ ಬೆಂಗಳೂರು ಅರಮನೆ ಆವರಣದಲ್ಲಿ ಎದ್ದಿತು. ತೆರೆಯ ಮೇಲೆ ಕಥೆಯ ಪಾತ್ರಗಳಾದ ಅಜೀಜ್ ಮತ್ತು ಅಡೆಲಾ ಹತ್ತುವ ಆ ಬೋಳು ಹೆಬ್ಬಂಡೆ, ಮಾಗಡಿ ಕಡೆಗೆ ಹೋಗುವ ಯಾರಿಗೂ ಗುರುತು ಸಿಗುವಂಥದ್ದು. 1984ರಲ್ಲಿ ತೆರೆಕಂಡ ಚಿತ್ರಕ್ಕೆ ಹನ್ನೊಂದು ಆಸ್ಕರ್ ನಾಮನಿರ್ದೇಶನ. ಗೆದ್ದದ್ದು ನಟಿ ಪೆಗಿ ಆಶ್‌ಕ್ರಾಫ್ಟ್ ಮತ್ತು ಸಂಗೀತಗಾರ ಮೋರಿಸ್ ಜಾರ್. ಲೀನ್ ಅವರ ಕಡೆಯ ಚಿತ್ರ ಅದೇ.

ಬ್ರೆಬೋರ್ನ್ 2005ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ‘ಶೋಲೆ’ಯಿಂದ ರಾಮನಗರ ಪಡೆದ ಖ್ಯಾತಿಯ ಸ್ವಲ್ಪ ಪಾಲಾದರೂ ‘ಎ ಪ್ಯಾಸೇಜ್ ಟು ಇಂಡಿಯಾ’ಗೂ ಸಲ್ಲಬೇಕು. ಆಗ ಅದರಲ್ಲಿ ಇಪ್ಪತ್ತರ ಹರೆಯದಲ್ಲಿ ದುಡಿದ ನಮ್ಮವರಿಗೆ ಈಗ ಅರವತ್ತು ದಾಟಿದೆ. ಅವರ ನೆನಪುಗಳನ್ನು ನಮ್ಮ ಚಿತ್ರ ಸಮಾಜಗಳೋ ವಿಶ್ವವಿದ್ಯಾಲಯಗಳೋ ಬೇಗ ದಾಖಲಿಸಿಕೊಳ್ಳಲಿ.