ಮುಬಾರಕಿಯಾದ ಏಲಕ್ಕಿ ಅಂಗಡಿಯಲ್ಲಿ ರಂಜಾನ್

ನಮ್ಮೂರು, ತಮಿಳುನಾಡಿನ ಕಂಬಂನ ಏಲಕ್ಕಿ ವ್ಯಾಪಾರಿಗಳು, ಹಣೆಗೆ ನಾಮ ಇಟ್ಟವರೂ ಸೇರಿ, ಹೊಸ ವರ್ಷದ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ರಂಜಾನ್ ಯಾವ ತಿಂಗಳಿಗೆ ಬಿದ್ದಿದೆ ಎಂದು ನೋಡುತ್ತಾರೆ. ಅರಬರ ಕಾಫಿಗೆ ಏಲಕ್ಕಿ ಇಲ್ಲದೆ ನಡೆಯುವುದಿಲ್ಲ. ಉಪವಾಸದ ತಿಂಗಳಲ್ಲಿ ಅದರ ಖರ್ಚು ಎಲ್ಲ ತಿಂಗಳಿಗಿಂತ ಹೆಚ್ಚು. ಬೋಡಿನಾಯಕನೂರಿನ ಹರಾಜಿನಲ್ಲಿ ಒಂದೆರಡು ತಿಂಗಳು ಮೊದಲೇ ಅದರ ಬಿಸಿ ತಟ್ಟುತ್ತದೆ. ಕಂಬಂ ಮೆಟ್ಟು ಘಾಟಿ ಹತ್ತಿ ಜೀಪಿನಲ್ಲಿ ಕೇರಳದ ಇಡುಕ್ಕಿಯ ತೋಟಗಳಿಗೆ ಕೂಲಿಗೆ ಹೋಗುವ ನಮ್ಮ ಹೆಂಗಸರಿಗೂ ಈ ವಿಷಯ ಗೊತ್ತು.

ನಾನು ಅದೇ ಏಲಕ್ಕಿಯ ಇನ್ನೊಂದು ತುದಿಯಲ್ಲಿ ಕೆಲಸ ಮಾಡಿದವನು. ಕುವೈತ್ ನಗರದ ಹಳೆಯ ಪೇಟೆ ಮುಬಾರಕಿಯಾದಲ್ಲಿ ಒಂದು ಸಾಂಬಾರ ಪದಾರ್ಥದ ಅಂಗಡಿ. ಮನೆಯಲ್ಲಿ ನಾವು ಒಕ್ಕಲಿಗರು ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ತಿದ್ದಿದ್ದು ಆಮೇಲೆ, ಬೆಂಗಳೂರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವಾಗ. ಗಲ್ಫಿನಲ್ಲಿ ರಂಜಾನ್ ಹೇಗಿರುತ್ತದೆ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಹಗಲೆಲ್ಲ ನಿಮಗೂ ಊಟ ಇಲ್ಲವಾ?"

ಊಟ ಇದೆ, ಬೀದಿಯಲ್ಲಿ ಇಲ್ಲ. ಕುವೈತಿನಲ್ಲಿ 1968ರ 44ನೇ ಕಾನೂನು ಇದಕ್ಕೆಂದೇ ಇದೆ. ರಂಜಾನ್ ಹಗಲಲ್ಲಿ ಸಾರ್ವಜನಿಕವಾಗಿ ತಿಂದರೆ, ಕುಡಿದರೆ, ಸಿಗರೇಟು ಸೇದಿದರೆ 100 ದಿನಾರ್‌ವರೆಗೆ ದಂಡ, ಇಲ್ಲವೇ ಒಂದು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಯಾವ ಧರ್ಮದವನಾದರೂ ಸರಿ. ಎಲ್ಲ ದೇಶದಲ್ಲೂ ಇಷ್ಟೇ ಬಿಗಿ ಇಲ್ಲ. ದುಬೈಯಲ್ಲಿ ಹೋಟೆಲುಗಳು ಹಗಲಲ್ಲಿ ಪರದೆ ಕಟ್ಟಲೇಬೇಕೆಂಬ ನಿಯಮವನ್ನು 2021ರಲ್ಲಿ ತೆಗೆದೇ ಹಾಕಿದರು. ಕುವೈತಿನಲ್ಲಿ ಮಾತ್ರ ಹೋಟೆಲಿನ ಬಾಗಿಲು ಸಂಜೆಯವರೆಗೆ ಮುಚ್ಚಿಯೇ ಇರುತ್ತದೆ. ನಮಗೆ ಮಲಯಾಳಿ ಮೆಸ್ಸಿನವರು ಬೆಳಗಿನ ಜಾವವೇ ಡಬ್ಬಿ ಕೊಟ್ಟು ಹೋಗುತ್ತಿದ್ದರು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕಡಲೆ ಮೂಟೆಗಳ ಮರೆಯಲ್ಲಿ ಕೂತು ಉಣ್ಣುವುದು. ಆ ತಿಂಗಳು ನಾನು ಮೊಸರನ್ನ ಬಿಟ್ಟು ಬೇರೇನೂ ತರಿಸುತ್ತಿರಲಿಲ್ಲ. ಹುರಿದ ಮೀನಿನ ವಾಸನೆ ಮರೆಯಲ್ಲಿ ಕೂರುವುದಿಲ್ಲವಲ್ಲ.

ನನ್ನ ರೂಮಿನವರೊಬ್ಬರು ಕಂಬಂನವರೇ, ರಾವುತ್ತರ್ ಮನೆತನದವರು. ಒಂದು ಶುಕ್ರವಾರ ನಾನು ಡಬ್ಬಿ ಹಿಡಿದು ಬಚ್ಚಲ ಕಡೆ ಹೊರಟಿದ್ದನ್ನು ನೋಡಿ ಗದರಿದರು. "ಎಲ್ಲಿಗೆ ಹೊರಟೆ ತಂಬಿ? ಕೂತು ಉಣ್ಣು. ನಿನ್ನ ಮೊಸರನ್ನಕ್ಕೆ ಮುರಿಯುವಷ್ಟು ಬಡಕಲು ನೋಂಬಲ್ಲ ನಂದು."

"ಬೇಡ ಬಾಯ್, ನಿಮ್ಮೆದುರಿಗೆ ಗಂಟಲಲ್ಲಿ ಇಳಿಯಲ್ಲ" ಅಂದೆ.

"ಊರಲ್ಲಿ ನಮ್ಮ ಪಳ್ಳಿವಾಸಲಿನ ಕಂಜಿ ಎಷ್ಟು ಚೆನ್ನಾಗಿ ಇಳೀತಿತ್ತು!"

ಅದು ನಿಜ. ಕಂಬಂನಲ್ಲಿ ನೋಂಬು ಕಂಜಿ, ಅಂದರೆ ಉಪವಾಸ ಬಿಡುವ ಗಂಜಿ, ಬರೀ ಮುಸ್ಲಿಮರದ್ದಲ್ಲ. ಅಕ್ಕಿ, ಹೆಸರುಬೇಳೆ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ, ತೆಂಗಿನಹಾಲು ಹಾಕಿ ದೊಡ್ಡ ಹಂಡೆಯಲ್ಲಿ ಬೇಯಿಸಿ, ಸಂಜೆ ಪಳ್ಳಿವಾಸಲಿನ, ಅಂದರೆ ಮಸೀದಿಯ, ಮುಂದೆ ಹಂಚುವಾಗ ನಾವು ಹುಡುಗರೂ ತೂಗುಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಇದಕ್ಕೆಂದು ತಮಿಳುನಾಡು ಸರ್ಕಾರವೇ ಮಸೀದಿಗಳಿಗೆ ಅಕ್ಕಿ ಕೊಡುತ್ತದೆ. ಹಾಗಾಗಿ ಉಪವಾಸ ನನಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಹೊತ್ತು. ಕುವೈತಿನಲ್ಲಿ ಇಡೀ ಊರು ಹಗಲನ್ನು ರಾತ್ರಿಗೆ ತಿರುಗಿಸಿಬಿಡುತ್ತದೆ. ಪರದೇಶದಿಂದ ದುಡಿಯಲು ಬಂದವನಿಗೆ ರಂಜಾನಿನ ಕಷ್ಟಸುಖ ಇರುವುದು ಅಲ್ಲಿ, ಹೊಟ್ಟೆಯಲ್ಲಲ್ಲ.

ಅಂಗಡಿ ಬೆಳಿಗ್ಗೆ ತೆರೆದು ಮಧ್ಯಾಹ್ನ ಮುಚ್ಚುತ್ತದೆ. ಬೆಳಗಿನ ಗಿರಾಕಿ ಮಾತು ಕಡಿಮೆ, ಸಿಟ್ಟು ಸ್ವಲ್ಪ ಹೆಚ್ಚು. ಬೇರೆ ದಿನಗಳಲ್ಲಿ ಅವರು ಏಲಕ್ಕಿಯನ್ನು ಕಚ್ಚಿಯೇ ಕೊಳ್ಳುವುದು. ರಂಜಾನಿನಲ್ಲಿ ಬಾಯಿಗೆ ಹಾಕುವಂತಿಲ್ಲ. ಉಗುರಿನಿಂದ ಸಿಪ್ಪೆ ಸೀಳಿ, ಕಾಳು ಕಪ್ಪಗಿದೆಯೇ ಅಂಟಂಟಾಗಿದೆಯೇ ನೋಡಿ, ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿಯುತ್ತಾರೆ. ನಮ್ಮ ಬೋಡಿಯ ಎಂಟು ಮಿಲಿಮೀಟರಿನ ದಪ್ಪ ಹಸಿರು ಕಾಯಿ ಒಂದು ಡಬ್ಬದಲ್ಲಿ, ಗ್ವಾಟೆಮಾಲಾದ್ದು ಪಕ್ಕದ ಡಬ್ಬದಲ್ಲಿ. ಒಂದು ಕಾಲಕ್ಕೆ ಅರಬರ ಪೇಟೆಯೆಲ್ಲ ಭಾರತದ ಏಲಕ್ಕಿಯದ್ದೇ. ಈಗ ಗ್ವಾಟೆಮಾಲಾ ಕಡಿಮೆ ದರಕ್ಕೆ ಕೊಟ್ಟು ಹೆಚ್ಚಿನ ಪಾಲನ್ನು ಹಿಡಿದಿದೆ. ಆದರೂ ಮುದುಕಿಯರು ಮೂಸಿದ ಮೇಲೆ ಕೈಹಾಕುವುದು ನಮ್ಮ ಡಬ್ಬಕ್ಕೇ. 2018ರ ಕೇರಳದ ನೆರೆಗೆ ತೋಟಗಳು ಹಾಳಾಗಿ, 2019ರ ಆಗಸ್ಟಿನಲ್ಲಿ ಹರಾಜಿನ ಧಾರಣೆ ಕಿಲೋಗೆ 7,000 ರೂಪಾಯಿ ಮುಟ್ಟಿದಾಗ ಮಾತ್ರ ಅವರೂ ಪಕ್ಕದ ಡಬ್ಬದ ಕಡೆ ನೋಡಿದರು.

ಸೂರ್ಯ ಮುಳುಗುವ ಹೊತ್ತಿಗೆ, ಉಪವಾಸ ಬಿಡುವ ಸೂಚನೆಯಾಗಿ, ನಗರದ ನಾಯಿಫ್ ಅರಮನೆಯಲ್ಲಿ ಫಿರಂಗಿ ಹಾರಿಸುತ್ತಾರೆ. ಟಿವಿಯಲ್ಲೂ ತೋರಿಸುತ್ತಾರೆ. ಅದಕ್ಕೆ ಮೊದಲಿನ ಅರ್ಧ ಗಂಟೆ ರಸ್ತೆಗೆ ಇಳಿಯಬೇಡಿ. ಮನೆ ಸೇರುವ ಆತುರದಲ್ಲಿ ಕಾರುಗಳು ಸಿಗ್ನಲ್ಲನ್ನು ಲೆಕ್ಕಿಸುವುದಿಲ್ಲ. ಆಮೇಲೆ ಒಂದು ಗಂಟೆ ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಮಸೀದಿಯ ಅಂಗಳದಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಸಿ ಖರ್ಜೂರ, ಮಜ್ಜಿಗೆ, ನೀರು, ಕೋಳಿಯ ಮಜ್ಬೂಸ್ ಅನ್ನ ಇಟ್ಟಿರುತ್ತಾರೆ. ಬಂಗಾಳಿ, ಈಜಿಪ್ಟಿನವನು, ನೇಪಾಳಿ, ನಾನು, ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂರುವುದೇ. ನೀನು ಯಾರು, ನೋಂಬು ಹಿಡಿದಿದ್ದೀಯಾ ಎಂದು ನನ್ನನ್ನು ಅಲ್ಲಿ ಯಾರೂ ಕೇಳಿದ್ದಿಲ್ಲ.

ರಾತ್ರಿ ಎಂಟೂವರೆಯ ನಂತರ ಪೇಟೆ ನಮ್ಮ ಕಡೆಯ ವೀರಪಾಂಡಿ ಗೌಮಾರಿಯಮ್ಮನ ಜಾತ್ರೆಯಂತೆ. ಬೆಳಗಿನ ಜಾವದವರೆಗೂ ಜನ. ತಿಂಗಳ ನಡುವೆ, 13ರಿಂದ 15ನೇ ರಾತ್ರಿಯವರೆಗೆ, ಗರ್ಗಿಯಾನ್ ಎಂದು ಮಕ್ಕಳ ಹಬ್ಬ. ಕತ್ತಿಗೆ ಚೀಲ ತೂಗುಹಾಕಿಕೊಂಡು ಹಾಡುತ್ತಾ ಮನೆಮನೆಗೆ ಬರುವ ಮಕ್ಕಳಿಗೆ ಕಡಲೆಕಾಯಿ, ಬಾದಾಮಿ, ಮಿಠಾಯಿ ಸುರಿಯುತ್ತಾರೆ. ಆ ವಾರ ನಾವು ಮೂಟೆ ಬಿಚ್ಚಿ ತೂಗುವುದರಲ್ಲೇ ಸೊಂಟ ಬಿದ್ದುಹೋಗುತ್ತಿತ್ತು. 2022ರಲ್ಲಿ ರಂಜಾನ್ ಶುರುವಾಗುವ ಎರಡೇ ದಿನ ಮೊದಲು, ಮಾರ್ಚ್ 31ರಂದು, ಮುಬಾರಕಿಯಾಕ್ಕೆ ಬೆಂಕಿ ಬಿತ್ತು. ವರ್ಷದ ಸರಕನ್ನೆಲ್ಲ ಆ ತಿಂಗಳಿಗೆಂದು ತುಂಬಿಸಿಟ್ಟ ಅಂಗಡಿಗಳು ಬೂದಿಯಾದವು.

ಈಗ ಕೆಲಸದ ಹೊತ್ತಿನ ಮಾತು. ಕುವೈತಿನ ಕಾರ್ಮಿಕ ಕಾನೂನಿನಲ್ಲಿ ವಾರಕ್ಕೆ 48 ಗಂಟೆ ದುಡಿಮೆ, ರಂಜಾನಿನಲ್ಲಿ 36. ಆಫೀಸಿನಲ್ಲಿರುವವರಿಗೆ ಇದು ಹಬ್ಬವೇ ಸರಿ; ಎರಡು ಗಂಟೆಗೆ ಮನೆ, ಸಂಜೆ ನಿದ್ದೆ. ಕಟ್ಟಡದ ಸೈಟಿನಲ್ಲಿ ದುಡಿಯುವವರ ಕಥೆ ಬೇರೆ. ಚಾಂದ್ರಮಾನದ ಲೆಕ್ಕದಲ್ಲಿ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2014ರಿಂದ 2016ರವರೆಗೆ ಅದು ಜೂನ್-ಜುಲೈ ಉರಿಬಿಸಿಲಿಗೆ ಸಿಕ್ಕಿತ್ತು, ದಿನಕ್ಕೆ ಹದಿನೈದು ಗಂಟೆ ಮೀರಿದ ಉಪವಾಸ. ಬೇಸಿಗೆಯಲ್ಲಿ ನಡುಹಗಲ ಬಿಸಿಲಿನ ಕೆಲಸಕ್ಕೆ ನಿಷೇಧ ಇರುವುದರಿಂದ ಜೀವ ಉಳಿಯಿತು ಎನ್ನಿ. ಈಗ ಅದು ಚಳಿಗಾಲಕ್ಕೆ ಬಂದಿದೆ, ಉಪವಾಸದ ಹೊತ್ತೂ ತಗ್ಗಿದೆ.

ಆದರೆ ಯಾವ ಋತುವೂ ಹಗುರ ಮಾಡದ ಕೆಲಸ ಒಂದಿದೆ: ಮನೆಗೆಲಸ. ಒಂದು ದಿನ ಅಂಗಡಿಯಲ್ಲಿ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿ, ಯಜಮಾನಿಯ ಹಿಂದೆ ಚೀಲ ಹೊತ್ತು ನಿಂತಿದ್ದ ಹೆಂಗಸೊಬ್ಬಳು ಮೆಲ್ಲಗೆ, "ಅಣ್ಣಾ, ನೀವು ಕಂಬಂನವ್ರಾ?" ಅಂದಳು. ನಮ್ಮೂರ ಹತ್ತಿರದ ಉತ್ತಮಪಾಳ್ಯದ ಕಡೆಯವಳು. ಇಫ್ತಾರಿಗೆ ಒಂದು ಅಡುಗೆ, ರಾತ್ರಿ ನೆಂಟರು ಸೇರುವ ಗಬ್ಗಾಕ್ಕೆ ಇನ್ನೊಂದು, ಬೆಳಗಿನ ಜಾವದ ಸಹರಿಗೆ ಮತ್ತೊಂದು. "ಮೂರೂವರೆಗೆ ಪಾತ್ರೆ ಮುಗೀತದೆ. ಏಳಕ್ಕೆ ಮಕ್ಕಳು ಎದ್ದುಬಿಡ್ತಾವೆ." ಯಜಮಾನಿ ತಿರುಗಿ ನೋಡಿದಳು, ಮಾತು ಅಲ್ಲಿಗೇ ನಿಂತಿತು. ಆ 36 ಗಂಟೆಯ ಕಾನೂನು ಇವಳಿಗೆ ಅನ್ವಯಿಸುವುದೇ ಇಲ್ಲ. ಮನೆಗೆಲಸದವರನ್ನು ಅದರಿಂದ ಹೊರಗಿಟ್ಟಿದ್ದಾರೆ. ಅವರಿಗೆಂದೇ 2015ರಲ್ಲಿ 68ನೇ ಕಾನೂನು ಬಂತು. ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ ಸಂಬಳ ಸಹಿತ ರಜೆ ಕೊಡಬೇಕು ಎಂದು ಅದರಲ್ಲಿದೆ. ಕಾನೂನು ಒಳ್ಳೆಯದೇ. ರಂಜಾನಿನ ಅಡುಗೆಮನೆಗೆ ಹೋಗಿ ಗಡಿಯಾರ ನೋಡುವವರು ಯಾರು?

ನಿಮ್ಮ ಮನೆಯಿಂದಲೋ ಕೇರಿಯಿಂದಲೋ ಹೆಂಗಸರು ಗಲ್ಫಿಗೆ ಮನೆಗೆಲಸಕ್ಕೆ ಹೊರಟಿದ್ದರೆ ಏಜೆಂಟನ ಬಾಯಿಮಾತು ನಂಬಬೇಡಿ. ಮೂವತ್ತು ತುಂಬದ ಹೆಂಗಸರನ್ನು ಈ ಕೆಲಸಕ್ಕೆ ಕಳಿಸಲು ನಮ್ಮ ಸರ್ಕಾರದ ಅನುಮತಿಯೇ ಇಲ್ಲ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ಹೋಗಲಿ. ಗುತ್ತಿಗೆ ಪತ್ರದ ಒಂದು ಪ್ರತಿ, ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರು ನಿಮ್ಮ ಮನೆಯಲ್ಲೂ ಇರಲಿ. ರಂಜಾನ್ ತಿಂಗಳಲ್ಲಿ ಅವರಿಂದ ಫೋನ್ ಬರದಿದ್ದರೆ ನೀವೇ ಮಾಡಿ. ಕುವೈತಿನ ಮಧ್ಯಾಹ್ನ ಮೂರು ಗಂಟೆ, ನಮ್ಮ ಐದೂವರೆ, ಅಡುಗೆ ಶುರುವಾಗುವ ಮುಂಚಿನ ಹೊತ್ತು, ಆಗ ಸಿಗುತ್ತಾರೆ.